ನಿನ್ನ ಪತ್ರದ ಕೊನೆಯ ಸಾಲಿನ ಬಗ್ಗೆ

ಮೈಸೂರು

ಚಿ. ಸೌ. ವಸುಧಾಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಭಾನುವಾರದ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ಅಟ್ಲಾಂಟಾದ ನಿಮ್ಮ ಶಾಲೆಯಲ್ಲಿ ನಿನ್ನನ್ನು ಅಸಿಸ್ಟೆಂಟ್ ಪ್ರಿನ್ಸಿಪಾಲ್ ಮಾಡಲು ಹೊರಟಿದ್ದಾರೆಂದು ಓದಿ ಹಿಗ್ಗಿದೆ. ಆಮೇಲೆ ಕೊನೆಯ ಪುಟಕ್ಕೆ ಬಂದೆ. “ಆ ಜಾಗಕ್ಕೆ ಬರಬೇಕಾದವರು ನನ್ನ ಎದುರಿಗೇ ಇದ್ದಾರೆ ದೊಡ್ಡಮ್ಮ. ನಾನು ಒಪ್ಪಿಕೊಂಡರೆ ಅವರದನ್ನು ಕಸಿದುಕೊಂಡ ಹಾಗಾಗುತ್ತದೆ ಎಂದು ಭಯ.” ಇಷ್ಟು ಬರೆದು, ಕೆಳಗೆ ಮಕ್ಕಳ ಕ್ಷೇಮ ಬರೆದು, ಸಹಿ ಹಾಕಿಬಿಟ್ಟಿದ್ದೀಯ. ನಾನು ಮಾತ್ರ ಆ ಸಾಲಿನಿಂದ ಆಚೆಗೆ ಹೋಗಲಾರದೆ ಕುಳಿತಿದ್ದೇನೆ.

ಪತ್ರವನ್ನು ನಿನ್ನ ಅಮ್ಮನಿಗೆ ಇನ್ನೂ ತೋರಿಸಿಲ್ಲ. ತೋರಿಸಿದರೆ ಅವಳು ಏನನ್ನುತ್ತಾಳೆಂದು ನಿನಗೂ ಗೊತ್ತು: ಮನೆ ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಯಾರಾದರೂ ಹಿಂದಕ್ಕೆ ಕಳಿಸುತ್ತಾರೆಯೇ, ಇವಳೇನು ಅರ್ಜಿ ಹಿಡಿದು ಯಾರ ಮನೆಗಾದರೂ ಅಲೆದಳೇ, ಅವರಾಗಿಯೇ ಕರೆದರು ತಾನೇ. ತಾಯಿ ಹಾಗೆ ಹೇಳುವುದು ಸಹಜ. ಆದರೆ ಅದೇ ಅಟ್ಲಾಂಟಾದ ಸರ್ಕಾರಿ ಶಾಲೆಯಲ್ಲಿ ಬೋರ್ಡಿನ ಮುಂದೆ ಜೀವ ಸವೆಸಿದ ನನಗೆ ಆ ಮಾತನ್ನಾಡಿ ನಿನ್ನನ್ನು ಸಮಾಧಾನ ಮಾಡಲು ಬಾಯಿ ಬರುವುದಿಲ್ಲ. ನೀನು ಹೇಳುವ ಆ ‘ಬರಬೇಕಾದವರು’ ಕಪ್ಪು ಜನರ ಪೈಕಿ ಒಬ್ಬ ಹಿರಿಯ ಶಿಕ್ಷಕಿ. ನಿನ್ನ ಭಯ ಹುಚ್ಚಲ್ಲ ವಸು. ಆ ಊರಿನಲ್ಲಿ ಆ ಭಯಕ್ಕೆ ನನಗಿಂತಲೂ ಹೆಚ್ಚು ವಯಸ್ಸಾಗಿದೆ.

ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು. ಅಲ್ಲಿ ನನಗೆ ಕೆಲಸ ಸಿಕ್ಕಾಗ ಈ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಕೈಯಲ್ಲಿ ಮೈಸೂರಿನ ಬಿ.ಎಡ್. ಇತ್ತು, ಗಣಿತದ ಟೀಚರುಗಳು ಬೇಕಾಗಿದ್ದರು, ಕರೆದರು, ಹೋದೆ. ಆ ಜಾಗದಲ್ಲಿ ಮೊದಲು ಯಾರಿದ್ದರು, ಯಾರು ಕಾದಿದ್ದರು ಎಂದು ನಿವೃತ್ತಿಯಾಗುವವರೆಗೂ ಕೇಳಲಿಲ್ಲ. ನೀನು ಆರ್ಡರು ಕೈಗೆ ಬರುವ ಮೊದಲೇ ಕೇಳುತ್ತಿದ್ದೀಯ.

ನಾವೆಲ್ಲ ಓದಿಕೊಂಡು ಬಂದದ್ದು ಇಷ್ಟೇ: 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಬ್ರೌನ್ ಮೊಕದ್ದಮೆಯ ತೀರ್ಪು ಬಂತು, ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಒಂದೇ ಶಾಲೆಗೆ ಹೋಗಬಹುದೆಂದಾಯಿತು, ನ್ಯಾಯ ಗೆದ್ದಿತು. ಆ ಕಪ್ಪು ಮಕ್ಕಳಿಗೆ ಅಷ್ಟು ವರ್ಷ ಪಾಠ ಹೇಳಿದ್ದ ಮೇಷ್ಟ್ರುಗಳು ಎಲ್ಲಿ ಹೋದರು? ತೀರ್ಪು ಬರುವುದಕ್ಕೂ ಒಂದು ವರ್ಷ ಮೊದಲು, 1953ರ ಮಾರ್ಚ್‌ನಲ್ಲಿ, ಆ ಮೊಕದ್ದಮೆ ಹುಟ್ಟಿದ ಕಾನ್ಸಾಸ್ ರಾಜ್ಯದ ಟೊಪೀಕಾ ಊರಿನಲ್ಲಿಯೇ, ಅಲ್ಲಿನ ಶಾಲೆಗಳ ಮುಖ್ಯಾಧಿಕಾರಿಯಾದ ಸೂಪರಿಂಟೆಂಡೆಂಟರು ಒಬ್ಬ ಕಪ್ಪು ಶಿಕ್ಷಕಿಗೆ ಕಾಗದ ಬರೆದರು. ಮುಂದಿನ ವರ್ಷ ನಿಮ್ಮನ್ನು ಉಳಿಸಿಕೊಳ್ಳುತ್ತೇವೆಂದು ಈಗ ಹೇಳಲಾಗದು, ಬಿಳಿ ಮಕ್ಕಳಿಗೆ ಕಪ್ಪು ಶಿಕ್ಷಕರು ಕಲಿಸುವುದನ್ನು ಈ ಊರಿನ ಹೆಚ್ಚಿನ ಜನ ಬಯಸಲಾರರು ಎಂಬುದು ಅದರ ಸಾರ. ಏನೇ ಆದರೂ ಕೊನೆಗೆ ಎಲ್ಲರಿಗೂ ಒಳ್ಳೆಯದೇ ಆಗುತ್ತದೆ ಎಂಬ ಸಮಾಧಾನ ಬೇರೆ. ಆ ಕಾಗದದ ಪ್ರತಿಯನ್ನು ನಾನು ನೋಡಿದ್ದೇನೆ. ಎಷ್ಟು ಮರ್ಯಾದೆಯಿಂದ ಬರೆದಿದ್ದಾರೆಂದರೆ ಓದಿದವರಿಗೆ ಮೈ ಉರಿಯುತ್ತದೆ.

ಆ ಬಳಿಕದ ಹತ್ತು ಹನ್ನೊಂದು ವರ್ಷಗಳಲ್ಲಿ ದಕ್ಷಿಣದ ಮತ್ತು ಅದಕ್ಕೆ ಹೊಂದಿಕೊಂಡ 17 ರಾಜ್ಯಗಳಲ್ಲಿ ಸುಮಾರು 38,000 ಕಪ್ಪು ಶಿಕ್ಷಕರು, ಮುಖ್ಯೋಪಾಧ್ಯಾಯರು ಕೆಲಸ ಕಳೆದುಕೊಂಡರು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಓದು ಸಾಲದವರಲ್ಲ ಅವರು. ದಕ್ಷಿಣದ ರಾಜ್ಯಗಳು ತಮ್ಮ ಬಿಳಿಯರ ವಿಶ್ವವಿದ್ಯಾಲಯಗಳಿಗೆ ಅವರನ್ನು ಸೇರಿಸಿಕೊಳ್ಳುವ ಬದಲು, ಬೇರೆ ರಾಜ್ಯಗಳಲ್ಲಿ ಓದಿಕೊಳ್ಳಿ ಎಂದು ಶುಲ್ಕ ಕೊಟ್ಟು ಸಾಗಹಾಕುತ್ತಿದ್ದವು. ಹಾಗೆ ಹೋದವರು ಬೇಸಿಗೆ ರಜೆಗಳಲ್ಲಿ ನ್ಯೂಯಾರ್ಕಿನ ಕೊಲಂಬಿಯಾದಂಥ ಕಡೆ ಎಂ.ಎ. ಮಾಡಿಕೊಂಡು ಬಂದರು. ಹೊರಗಟ್ಟಿದ್ದರಿಂದಲೇ ಬಿಳಿಯ ಸಹೋದ್ಯೋಗಿಗಳಿಗಿಂತ ಹೆಚ್ಚು ಓದಿದವರಾದ ಎಷ್ಟೋ ಜನ ಅವರಲ್ಲಿದ್ದರು. ಶಾಲೆಗಳು ಒಂದಾದಾಗ ಆ ಪದವಿಗಳನ್ನು ಕೇಳುವವರೇ ಇರಲಿಲ್ಲ.

ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದ ಸೆಪ್ಟಿಮಾ ಕ್ಲಾರ್ಕ್ ಅವರ ಹೆಸರು ಕೇಳಿದ್ದೀಯಾ? ನಲವತ್ತು ವರ್ಷದ ಹತ್ತಿರ ಹತ್ತಿರ ಶಿಕ್ಷಕಿಯಾಗಿದ್ದವರು. 1956ರಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿತು: ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಸ್ಥೆಯ ಸದಸ್ಯರು ಸರ್ಕಾರಿ ನೌಕರಿಯಲ್ಲಿರುವಂತಿಲ್ಲ. ಸದಸ್ಯತ್ವ ಬಚ್ಚಿಡಲು ಆಕೆ ಒಪ್ಪಲಿಲ್ಲ. ಕೆಲಸವೂ ಹೋಯಿತು, ಪಿಂಚಣಿಯೂ ಹೋಯಿತು. 1975ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅದೇ ಊರಿನ ಶಾಲಾ ಮಂಡಳಿಗೆ ಆರಿಸಿ ಬಂದರು. ತಮ್ಮನ್ನು ಹೊರಹಾಕಿದ ವ್ಯವಸ್ಥೆಯ ಮೇಜಿನ ಈಚೆ ಬದಿಯಲ್ಲಿ ಹೋಗಿ ಕುಳಿತರು.

ನನ್ನ ತರಗತಿಗೆ ಎದುರು ಬಾಗಿಲಿನಲ್ಲಿ ಚರಿತ್ರೆಯ ಮೇಷ್ಟ್ರು ಒಬ್ಬರಿದ್ದರು. ಅವರ ತಂದೆ ಜಾರ್ಜಿಯಾದ ಒಂದು ಸಣ್ಣ ಊರಿನಲ್ಲಿ ಕಪ್ಪು ಮಕ್ಕಳ ಹೈಸ್ಕೂಲಿನ ಪ್ರಿನ್ಸಿಪಾಲರಾಗಿದ್ದವರಂತೆ. ಊರಿಗೆ ಊರೇ ಎದ್ದು ನಿಂತು ನಮಸ್ಕರಿಸುತ್ತಿದ್ದ ಮನುಷ್ಯ. ಶಾಲೆಗಳನ್ನು ಒಂದು ಮಾಡಿದಾಗ ಮುಚ್ಚಿದ್ದು ಕಪ್ಪು ಮಕ್ಕಳ ಶಾಲೆಯನ್ನು. ಅವರನ್ನು ಬಿಳಿಯರ ಹೈಸ್ಕೂಲಿಗೆ ಕರೆದೊಯ್ದು ಪಠ್ಯಪುಸ್ತಕದ ಕೋಣೆಯ ಉಸ್ತುವಾರಿ ಕೊಟ್ಟರು. ಬೆಳಿಗ್ಗೆ ಟೈ ಕಟ್ಟಿಕೊಂಡು ಹೋಗಿ ದಿನವಿಡೀ ಪುಸ್ತಕ ಎಣಿಸುತ್ತಿದ್ದರು. ಹಳೆಯ ಶಾಲೆಯ ಮಕ್ಕಳು ಗೆದ್ದಿದ್ದ ಟ್ರೋಫಿಗಳನ್ನು ಕಸದ ಲಾರಿಗೆ ತುಂಬಿದ ದಿನ ಅದರಲ್ಲಿ ಒಂದನ್ನು ಕೋಟಿನೊಳಗೆ ಇಟ್ಟುಕೊಂಡು ಮನೆಗೆ ತಂದರಂತೆ. ಇದನ್ನು ಹೇಳುವಾಗ ಆ ಮೇಷ್ಟ್ರು ಕೈಯಲ್ಲಿದ್ದ ಸೀಮೆಸುಣ್ಣವನ್ನು ಪುಡಿ ಮಾಡುತ್ತಿದ್ದರು, ಮುಖ ಮಾತ್ರ ಸಹಜವಾಗಿಯೇ ಇತ್ತು. ಇಂಥ ಕಥೆ ದಕ್ಷಿಣದ ಯಾವ ಜಿಲ್ಲೆಯಲ್ಲಿ ಕೇಳಿದರೂ ಸಿಗುತ್ತದೆ.

ಇಷ್ಟೆಲ್ಲ ಬರೆದದ್ದು ನಿನ್ನ ಭಯವನ್ನು ಹೆಚ್ಚಿಸಲಿಕ್ಕಲ್ಲ. ಆದರೆ ಹೆಚ್ಚಾಗುತ್ತದೆಂದು ನನಗೂ ಗೊತ್ತಾಗುತ್ತಿದೆ. ನಿನ್ನ ಪತ್ರದಲ್ಲಿರುವ ಆ ಇಂಗ್ಲಿಷ್ ಟೀಚರು, ಮೊದಲ ವರ್ಷ ನೀನು ಬಾತ್‌ರೂಮಿನಲ್ಲಿ ಅಳುತ್ತಿದ್ದಾಗ ಬಾಗಿಲು ತಟ್ಟಿ ಕರೆತಂದು ಪಾಠದ ಯೋಜನೆ ಬರೆಯುವುದನ್ನು ಹೇಳಿಕೊಟ್ಟರು ಎಂದಿದ್ದೀಯಲ್ಲ, ಅವರೂ ಅರ್ಜಿ ಹಾಕಿದ್ದರು, ಅವರನ್ನು ಬಿಟ್ಟು ನಿನ್ನನ್ನು ಕರೆದರು ಎಂದರೆ, ನಾನು ಏನೆಂದು ಹೇಳಲಿ? ಈ ಸಲದ ಆಯ್ಕೆ ನ್ಯಾಯವಾಗಿಯೇ ನಡೆದಿರಬಹುದು. ಆದರೂ ಆ ಹಿರಿಯರ ಮನಸ್ಸಿನಲ್ಲಿ ಪುಸ್ತಕ ಎಣಿಸಿದ ಪ್ರಿನ್ಸಿಪಾಲರ ನೆನಪು ಇಲ್ಲದೆ ಇರುವುದಿಲ್ಲ. ಅವರು ಅದನ್ನು ನಿನ್ನ ಮುಂದೆ ಆಡದೆ ಇರಬಹುದು, ಅಷ್ಟೇ.

ಆ ಚರಿತ್ರೆಯ ಮೇಷ್ಟ್ರೇ ಒಮ್ಮೆ ನನ್ನ ಊರು ಯಾವುದೆಂದು ಕೇಳಿದರು. ಮೈಸೂರು ಎಂದೆ. “ಹಾಗಾದರೆ ಡಾಕ್ಟರ್ ಮೇಸ್ ಹೋಗಿದ್ದ ಊರು!” ಎಂದರು. ನಾನು ಬೆಪ್ಪಾದೆ. ಬೆಂಜಮಿನ್ ಮೇಸ್ ಆಗ ಅಟ್ಲಾಂಟಾ ಶಿಕ್ಷಣ ಮಂಡಳಿಯ ಅಧ್ಯಕ್ಷರು, ನಮ್ಮ ಸಂಬಳದ ಚೀಟಿ ಬರುವುದೇ ಅವರ ಮಂಡಳಿಯಿಂದ. ಮಾರ್ಟಿನ್ ಲೂಥರ್ ಕಿಂಗ್ ಅವರು ಓದಿದ ಮೋರ್‌ಹೌಸ್ ಕಾಲೇಜಿಗೆ 1940ರಿಂದ 1967ರವರೆಗೆ ಅಧ್ಯಕ್ಷರಾಗಿದ್ದವರು, ಕಿಂಗ್ ಅವರ ಅಂತ್ಯಕ್ರಿಯೆಯಲ್ಲಿ ಶ್ರದ್ಧಾಂಜಲಿಯ ಭಾಷಣ ಮಾಡಿದವರು. ಅವರಿಗೂ ನಮ್ಮ ಊರಿಗೂ ಏನು ಸಂಬಂಧ? ಮೇಷ್ಟ್ರು ತಮ್ಮ ಪ್ರತಿಯನ್ನೇ ತಂದುಕೊಟ್ಟು, ಅವರ ಆತ್ಮಕಥೆ ಓದು ಎಂದರು.

ಗೇಣಿ ಒಕ್ಕಲಿನ ಮನೆಯಲ್ಲಿ ಹುಟ್ಟಿದ ಹುಡುಗ. ಕಪ್ಪು ಮಕ್ಕಳ ಶಾಲೆ ವರ್ಷಕ್ಕೆ ನಾಲ್ಕೇ ತಿಂಗಳು, ಉಳಿದ ದಿನ ಹತ್ತಿ ಹೊಲ. ಕುದುರೆ ಏರಿ ಬಂದೂಕು ಹಿಡಿದು ಬಂದ ಬಿಳಿಯರ ಗುಂಪು ತನ್ನ ಅಪ್ಪನನ್ನು ಮತ್ತೆ ಮತ್ತೆ ಬಗ್ಗಿ ಸಲಾಮು ಹೊಡೆಯುವಂತೆ ಮಾಡಿದ್ದೇ ಅವರಿಗೆ ಬುದ್ಧಿ ತಿಳಿದ ಮೇಲಿನ ಮೊದಲ ನೆನಪು. ಆ ಹುಡುಗ ದೊಡ್ಡವನಾಗಿ, ಡೀನ್ ಆಗಿ, 1936ರ ಕೊನೆಯಲ್ಲಿ ಭಾರತಕ್ಕೆ ಬಂದು ವಾರ್ಧಾದಲ್ಲಿ ಗಾಂಧೀಜಿಯವರನ್ನು ಕಂಡರು. 1937ರ ಜನವರಿಯಲ್ಲಿ ಕ್ರೈಸ್ತ ಯುವಕರ ಸಂಘವಾದ ವೈಎಂಸಿಎಯ ಜಾಗತಿಕ ಸಮ್ಮೇಳನಕ್ಕೆ ಮೈಸೂರಿಗೆ ಬಂದರು. ಆಗ ಅಸ್ಪೃಶ್ಯರೆಂದು ಕರೆಸಿಕೊಳ್ಳುತ್ತಿದ್ದ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ಮಾತನಾಡಲು ಕರೆದರು. ಮಕ್ಕಳಿಗೆ ಪರಿಚಯ ಮಾಡಿಕೊಟ್ಟಿದ್ದು ಹೀಗೆ: ಇವರೂ ನಮ್ಮ ಹಾಗೆಯೇ ಅಸ್ಪೃಶ್ಯರು, ಆದರೂ ದೊಡ್ಡ ಸ್ಥಾನಕ್ಕೆ ಏರಿದವರು. ಮೇಸ್ ಅವರಿಗೆ ಮೊದಲು ದಿಗ್ಭ್ರಮೆಯಾಯಿತು, ಸಿಟ್ಟೂ ಬಂತು. ಆಮೇಲೆ ಯೋಚಿಸಿದರಂತೆ, ತನ್ನ ದೇಶದಲ್ಲಿ ತಾನು ಇರುವುದು ಹಾಗೆಯೇ ಅಲ್ಲವೇ ಎಂದು.

ಅದನ್ನು ಓದಿದ ರಾತ್ರಿ ನಾನು ಬಹಳ ಹೊತ್ತು ಎದ್ದೇ ಇದ್ದೆ. ಆ ಜನವರಿಯಲ್ಲಿ ನಿನ್ನ ಅಜ್ಜ, ಎಂದರೆ ನನ್ನ ತಂದೆ, ಇದೇ ಮೈಸೂರಿನಲ್ಲಿ ವಿದ್ಯಾರ್ಥಿ. ಸಮ್ಮೇಳನದ ಸಡಗರ ಖಂಡಿತ ಕಂಡಿರುತ್ತಾರೆ. ಆದರೆ ಅಂಥ ಒಂದು ಶಾಲೆ ನಮ್ಮ ಊರಿನ ಆಸುಪಾಸಿನಲ್ಲಿತ್ತು, ಅಲ್ಲಿಯೂ ಒಬ್ಬ ಹೆಡ್‌ಮಾಸ್ತರು ಇದ್ದರು, ಅವರು ಏಳು ಸಮುದ್ರದಾಚೆಯ ಒಬ್ಬ ಮನುಷ್ಯನನ್ನು ತಮ್ಮ ಮಕ್ಕಳಿಗೆ ತೋರಿಸಬೇಕೆಂದು ಆಸೆಪಟ್ಟರು ಎಂಬ ಒಂದು ಮಾತೂ ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ನಮ್ಮ ಊರನ್ನು ನಾನು ಅಟ್ಲಾಂಟಾದಲ್ಲಿ ಓದಿ ತಿಳಿಯಬೇಕಾಯಿತು. ಡಾಕ್ಟರ್ ಮೇಸ್ ಬದುಕಿದ್ದಾಗಲೇ ಹೋಗಿ, ಅಯ್ಯಾ, ಆ ಶಾಲೆ ಯಾವುದು, ಆ ಮಕ್ಕಳು ನಿಮ್ಮನ್ನು ಏನು ಕೇಳಿದರು ಎಂದು ವಿಚಾರಿಸಬಹುದಿತ್ತು. ಒಂದೇ ಊರಿನಲ್ಲಿದ್ದೆವು. ಹೋಗೋಣ, ಮುಂದಿನ ರಜೆಯಲ್ಲಿ ಹೋಗೋಣ ಎಂದುಕೊಳ್ಳುತ್ತಿದ್ದೆ. 1984ರಲ್ಲಿ ಅವರು ತೀರಿಕೊಂಡರು. ಈಗಲೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮೇಸ್ ಮಂಡಳಿಗೆ ಆರಿಸಿ ಬಂದಾಗ ಅವರಿಗೆ 75 ವಯಸ್ಸು. ಅವರು ಕೂತ ಕುರ್ಚಿಗೂ ಬೆಲೆ ತೆತ್ತವರಿದ್ದರು. ಒಂದು ಕಾಲಕ್ಕೆ ಅಟ್ಲಾಂಟಾದಲ್ಲಿ ಕಪ್ಪು ಮಕ್ಕಳಿಗೆ ಒಂದು ಸರ್ಕಾರಿ ಹೈಸ್ಕೂಲೇ ಇರಲಿಲ್ಲ. ಶಾಲೆಗಳಿಗೆ ಹಣ ಎತ್ತಲು ನಗರ ಬಾಂಡುಗಳಿಗೆ ಜನಮತ ಕೇಳಿದಾಗ, ನಮ್ಮ ಮಕ್ಕಳಿಗೂ ಪಾಲು ಕೊಡುವವರೆಗೆ ನಮ್ಮ ಮತವಿಲ್ಲ ಎಂದು ಕಪ್ಪು ಮತದಾರರು ಹಟ ಹಿಡಿದು ಸೋಲಿಸಿದರು. ಆ ಹಟದಿಂದ 1924ರಲ್ಲಿ ಬೂಕರ್ ಟಿ. ವಾಷಿಂಗ್ಟನ್ ಹೈಸ್ಕೂಲು ಎದ್ದಿತು. ಮೊದಲ ಪ್ರಿನ್ಸಿಪಾಲ್ ಚಾರ್ಲ್ಸ್ ಹಾರ್ಪರ್. ಕಿಂಗ್ ಓದಿದ್ದೂ ಅಲ್ಲಿಯೇ. 1940ರ ದಶಕದಲ್ಲಿ ಅಲ್ಲಿನ ಕಪ್ಪು ಶಿಕ್ಷಕರು, ಒಂದೇ ಕೆಲಸಕ್ಕೆ ಬಿಳಿಯರಿಗೆ ಹೆಚ್ಚು, ನಮಗೆ ಕಡಿಮೆ ಸಂಬಳ ಏಕೆಂದು ವಕೀಲ ಎ. ಟಿ. ವಾಲ್ಡನ್ ಅವರನ್ನು ಮುಂದಿಟ್ಟುಕೊಂಡು ಕೋರ್ಟಿಗೆ ಹೋದರು. ನೌಕರಿ ಹೋಗುವ ಭಯವನ್ನು ಪಕ್ಕಕ್ಕಿಟ್ಟು ಹೋದರು.

1973ರಲ್ಲಿ ಆದ ಒಪ್ಪಂದದ ವಿಷಯ ನಿನಗೆ ಯಾರೂ ಹೇಳಿರಲಾರರು, ಅದನ್ನು ಮಾತ್ರ ಹೇಳಲೇಬೇಕು. ಅಷ್ಟು ಹೊತ್ತಿಗೆ ಬಿಳಿಯರು ಊರು ಬಿಟ್ಟು ಹೊರವಲಯ ಸೇರುತ್ತಿದ್ದರು, ನಗರದ ಶಾಲೆಗಳಲ್ಲಿ ಮುಕ್ಕಾಲು ಪಾಲು ಮಕ್ಕಳು ಕಪ್ಪು ಮಕ್ಕಳೇ. ಶಾಲೆಗಳಲ್ಲಿ ಕಪ್ಪು ಬಿಳಿ ಭೇದ ತೆಗೆಯಬೇಕೆಂದು 1958ರಿಂದ ನಡೆಯುತ್ತಿದ್ದ ಮೊಕದ್ದಮೆಯನ್ನು ಎರಡೂ ಕಡೆಯವರು ಕೂತು ಬಗೆಹರಿಸಿಕೊಂಡರು. ಮಕ್ಕಳನ್ನು ಬಸ್ಸಿನಲ್ಲಿ ಬಡಾವಣೆಯಿಂದ ಬಡಾವಣೆಗೆ ಸಾಗಿಸಿ ಶಾಲೆಗಳನ್ನು ಬೆರೆಸುವ ಬೇಡಿಕೆಯನ್ನು ಬಹುಮಟ್ಟಿಗೆ ಕೈಬಿಡುವುದು. ಅದಕ್ಕೆ ಬದಲಾಗಿ ಆಡಳಿತದ ಹುದ್ದೆಗಳಲ್ಲಿ ಅರ್ಧ ಕಪ್ಪು ಜನರಿಗೆ, ಸೂಪರಿಂಟೆಂಡೆಂಟ್ ಸ್ಥಾನವೂ ಅವರಿಗೆ. ಅಟ್ಲಾಂಟಾದ ಎನ್‌ಎಎಸಿಪಿ ಮುಖಂಡ ಲಾನಿ ಕಿಂಗ್ ಒಪ್ಪಿದ್ದಕ್ಕೆ ರಾಷ್ಟ್ರೀಯ ಸಂಸ್ಥೆ ಅವರನ್ನು ಅಮಾನತು ಮಾಡಿತು. ಮಕ್ಕಳ ಹಕ್ಕನ್ನು ಮಾರಿ ನೌಕರಿ ಕೊಂಡಿರಿ ಎಂದು ಬೈದವರಿದ್ದರು. ಬೆರೆಯಲು ಬಿಳಿ ಮಕ್ಕಳೇ ಉಳಿದಿಲ್ಲದ ಊರಿನಲ್ಲಿ, ನಮ್ಮ ಮಕ್ಕಳ ಶಾಲೆ ನಡೆಸುವ ಅಧಿಕಾರವಾದರೂ ನಮಗಿರಲಿ ಎಂದವರಿದ್ದರು. ಮೇಸ್ ಒಪ್ಪಂದದ ಪರವಿದ್ದರು. ಸರಿಯೋ ತಪ್ಪೋ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ವಾದ ನಡೆಯುತ್ತಿತ್ತು. ಕಾಫಿ ಆರಿಹೋಗುತ್ತಿತ್ತು, ವಾದ ಆರುತ್ತಿರಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಅವರು ಬೇರೆ ಏನು ಮಾಡಬಹುದಿತ್ತೆಂದು ಇಂದಿಗೂ ನನಗೆ ಕಾಣುವುದಿಲ್ಲ.

ನೀನು ಕೂರಲು ಹೆದರುತ್ತಿರುವ ಕುರ್ಚಿ ಆ ಒಪ್ಪಂದದ ಫಲ, ವಸು. ಅಷ್ಟು ದುಬಾರಿಯಾದ ಕುರ್ಚಿ ಅದು. ನಿನ್ನ ಸಾಲನ್ನು ಓದಿದಾಗ ನನ್ನ ಎದೆ ಧಸಕ್ಕೆಂದದ್ದು ಅದಕ್ಕೇ.

ಒಪ್ಪಂದದಂತೆ ಬಂದವರು ಅಲೊಂಜೊ ಕ್ರಿಮ್. 1973ರಿಂದ 1988ರವರೆಗೆ ಸೂಪರಿಂಟೆಂಡೆಂಟ್. ದಕ್ಷಿಣದ ದೊಡ್ಡ ನಗರವೊಂದರ ಶಾಲೆಗಳ ಚುಕ್ಕಾಣಿ ಹಿಡಿದ ಮೊದಲ ಕಪ್ಪು ಮನುಷ್ಯ. ಹೈಸ್ಕೂಲು ಮಕ್ಕಳು ಊರಿಗಾಗಿ 75 ಗಂಟೆ ಸೇವೆ ಮಾಡಬೇಕೆಂದು ನಿಯಮ ತಂದವರು ಅವರೇ. ನನ್ನ ಹುಡುಗರು ಗೊಣಗುತ್ತಾ ವೃದ್ಧಾಶ್ರಮಗಳಿಗೆ ಹೋಗಿ, ಅಲ್ಲಿನ ಅಜ್ಜಂದಿರ ಕಥೆ ಹೊತ್ತುಕೊಂಡು ಬರುತ್ತಿದ್ದರು.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ಪ್ರಿನ್ಸಿಪಾಲರ ವಿಷಯ ನಿನಗೆ ಎಂದೂ ಹೇಳಿಲ್ಲ. ವಾಷಿಂಗ್ಟನ್ ಹೈಸ್ಕೂಲಿನಲ್ಲಿಯೇ ಓದಿ ಬೆಳೆದ ಕಪ್ಪು ಹೆಂಗಸು, ಎತ್ತರದ ನಿಲುವು, ಕಾರಿಡಾರಿನಲ್ಲಿ ಅವರ ಹೆಜ್ಜೆ ಸಪ್ಪಳಕ್ಕೆ ಗದ್ದಲ ತಾನಾಗಿ ಇಳಿಯುತ್ತಿತ್ತು. ನನ್ನ ಮೈಸೂರಿನ ಉಚ್ಚಾರ ಮಕ್ಕಳಿಗೆ ಅರ್ಥವಾಗುತ್ತಿರಲಿಲ್ಲ, ಹಿಂದಿನ ಸಾಲಿನವರು ನನ್ನನ್ನು ಅಣಕಿಸುತ್ತಿದ್ದರು. ಒಂದು ದಿನ ಅವರು ಬಂದು ಆ ಹಿಂದಿನ ಸಾಲಿನಲ್ಲಿಯೇ, ಮಕ್ಕಳ ನಡುವೆ, ಮಂಡಿ ತಾಗುವ ಸಣ್ಣ ಡೆಸ್ಕಿನಲ್ಲಿ ಕುಳಿತರು. ನೋಟ್‌ಬುಕ್ ತೆರೆದು ಲೆಕ್ಕ ಬರೆದುಕೊಂಡರು. ಮಧ್ಯೆ ಕೈ ಎತ್ತಿ, “ಮೇಡಂ, ಆ ಎರಡನೆಯ ಹೆಜ್ಜೆ ನನಗೆ ತಿಳಿಯಲಿಲ್ಲ, ದಯವಿಟ್ಟು ಇನ್ನೊಮ್ಮೆ ಹೇಳುತ್ತೀರಾ?” ಎಂದು ಕೇಳಿದರು. ನಾನು ಹೇಳಿದೆ. ಮತ್ತೆ ಕೈ ಎತ್ತಿ ಇನ್ನೊಂದು ಕೇಳಿದರು. ಪೀರಿಯಡ್ಡು ಮುಗಿಯುವವರೆಗೂ ಕದಲಲಿಲ್ಲ. ಮಾರನೆಯ ದಿನದಿಂದ ಹುಡುಗರು ಅದೇ ಮಾತು, ಅದೇ ಧಾಟಿಯಲ್ಲಿ ಕೈ ಎತ್ತಿ ಕೇಳತೊಡಗಿದರು. ನನಗೆ ಒಂದು ಬುದ್ಧಿಮಾತನ್ನೂ ಹೇಳಲಿಲ್ಲ, ಮಕ್ಕಳನ್ನು ಗದರಿಸಲೂ ಇಲ್ಲ.

1979ರಿಂದ 1981ರವರೆಗೆ ಅಟ್ಲಾಂಟಾದಲ್ಲಿ ಕಪ್ಪು ಮಕ್ಕಳು ಕಾಣೆಯಾಗಿ ಹೆಣವಾಗಿ ಸಿಗುತ್ತಿದ್ದರು. ಮಕ್ಕಳೂ ಯುವಕರೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ. ಊರಿನಲ್ಲಿ ಸಂಜೆಯ ಮೇಲೆ ಮಕ್ಕಳು ಹೊರಗೆ ಬರಬಾರದೆಂದು ಕರ್ಫ್ಯೂ. ಆ ದಿನಗಳಲ್ಲಿ ಆಕೆ ಪ್ರತಿ ಸಂಜೆ ಕೊನೆಯ ಹುಡುಗ ಬಸ್ಸು ಹತ್ತುವವರೆಗೆ ಗೇಟಿನಲ್ಲಿ ನಿಂತಿರುತ್ತಿದ್ದರು, ಮಳೆಯಲ್ಲೂ. ಯಾರ ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಬರುತ್ತಾರೆ, ಯಾವ ಹುಡುಗನ ಅಜ್ಜಿಗೆ ರಾತ್ರಿ ಪಾಳಿ, ಯಾರ ಮನೆಯ ಫೋನು ಕಡಿದಿದೆ ಎಲ್ಲವೂ ಅವರಿಗೆ ಗೊತ್ತು. ಹೇಗೆಂದರೆ ಆ ಅಜ್ಜಿಯ ಜೊತೆ ಅವರು ಓದಿದ್ದರು, ಆ ಅಮ್ಮನಿಗೆ ಪಾಠ ಮಾಡಿದ್ದರು, ಒಂದೇ ಚರ್ಚಿಗೆ ಹೋಗುತ್ತಿದ್ದರು. ಅದನ್ನು ನಾನು ಕಲಿಯಲಾರೆನಾಗಿದ್ದೆ. ಪಾಠ ಚೆನ್ನಾಗಿ ಮಾಡುವುದನ್ನು ಕಲಿತೆ, ಆ ಬೇರನ್ನು ಎಲ್ಲಿಂದ ತರಲಿ? ನಿನ್ನ ಭಯದ ಒಳಗೆ ಈ ಅಳುಕೂ ಇದೆಯೆಂದು ನನಗೆ ಅನಿಸುತ್ತದೆ, ನೀನು ಬರೆಯದಿದ್ದರೂ.

ಉತ್ತರ ಕೆರೊಲಿನಾದ ಮಕ್ಕಳ ದಾಖಲೆಗಳನ್ನು ಇಟ್ಟುಕೊಂಡು 2017ರಲ್ಲಿ ಬಂದ ಒಂದು ಅಧ್ಯಯನವನ್ನು ನೀನೂ ಓದಿರುತ್ತೀಯ. ತೀರಾ ಬಡ ಕಪ್ಪು ಹುಡುಗರಿಗೆ ಮೂರರಿಂದ ಐದನೆಯ ತರಗತಿಯೊಳಗೆ ಒಬ್ಬರಾದರೂ ಕಪ್ಪು ಶಿಕ್ಷಕರು ಸಿಕ್ಕಿದ್ದರೆ, ಅವರು ಹೈಸ್ಕೂಲು ಅರ್ಧಕ್ಕೆ ಬಿಡುವ ಸಂಭವ 39% ಕಡಿಮೆಯಾಗುತ್ತದೆ ಎಂದು ಅದರಲ್ಲಿದೆ. ಇಡೀ ದೇಶದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರಲ್ಲಿ ಕಪ್ಪು ಶಿಕ್ಷಕರು 100ಕ್ಕೆ ಆರೋ ಏಳೋ ಜನ. ಈ ಅಂಕಿಗಳನ್ನು ನಿನ್ನ ಮೇಲಿನ ಆರೋಪಪಟ್ಟಿ ಎಂದು ಓದಬೇಡ. ನೀನು ಬೇಡ ಎಂದಲ್ಲ, ಅವರು ಬೇಕು ಎಂದು ಅದರ ಅರ್ಥ. ಎರಡೂ ಒಂದೇ ಅಲ್ಲ.

ನ್ಯೂ ಆರ್ಲಿಯನ್ಸ್‌ನಲ್ಲಿ 2005ರ ಕತ್ರಿನಾ ಚಂಡಮಾರುತದ ಬಳಿಕ ಏಳು ಸಾವಿರಕ್ಕೂ ಹೆಚ್ಚು ಶಾಲಾ ನೌಕರರನ್ನು ಒಟ್ಟಿಗೇ ತೆಗೆದುಹಾಕಿದರು, ಹೆಚ್ಚಿನವರು ಕಪ್ಪು ಜನ. ಸುಧಾರಣೆಯ ಹೆಸರಿನಲ್ಲಿ ಬೇರೆ ಊರುಗಳಿಂದ ಎಳೆಯ ಹುಡುಗ ಹುಡುಗಿಯರು ಬಂದು ಆ ತರಗತಿಗಳಲ್ಲಿ ನಿಂತರು. ಅವರಲ್ಲಿ ಒಳ್ಳೆಯವರೂ ಬೇಕಾದಷ್ಟು ಇದ್ದಿರಬೇಕು. ಅವರಲ್ಲಿ ಎಷ್ಟು ಜನ ನಿನ್ನ ಹಾಗೆ ಹೆದರಿ ಪತ್ರ ಬರೆದರೋ ಏನೋ. ಸುಧಾರಣೆ ಎಂಬ ಮಾತು ಬಂದಾಗಲೆಲ್ಲ ಮೊದಲು ಏಟು ಬಿದ್ದಿರುವುದು ಕಪ್ಪು ಶಿಕ್ಷಕರ ಮೇಲೆಯೇ, ರಸ ಹಿಂಡಿಕೊಂಡು ಕಬ್ಬಿನ ಸಿಪ್ಪೆ ಎಸೆದ ಹಾಗೆ.

ಅಟ್ಲಾಂಟಾದ ಅಂಕ ತಿದ್ದಿದ ಪ್ರಕರಣವನ್ನು ಬಿಟ್ಟು ಬರೆದರೆ ನಾನು ಸುಳ್ಳು ಹೇಳಿದಂತೆ. ಬೆವರ್ಲಿ ಹಾಲ್ ಸೂಪರಿಂಟೆಂಡೆಂಟ್ ಆಗಿದ್ದ ಕಾಲ. 2011ರ ತನಿಖಾ ವರದಿ 44 ಶಾಲೆಗಳಲ್ಲಿ ಅಕ್ರಮ ಕಂಡಿತು, 178 ಶಿಕ್ಷಕರು ಮತ್ತು ಪ್ರಿನ್ಸಿಪಾಲರ ಹೆಸರು ಬಂತು. ಮಕ್ಕಳ ಉತ್ತರಗಳನ್ನು ಅಳಿಸಿ ತಿದ್ದಿದ್ದರು. ಓದಲು ಬಾರದ ಮಗುವಿಗೆ ಬರುತ್ತದೆಂದು ಸುಳ್ಳು ಅಂಕ ಕೊಟ್ಟರೆ ಆ ಮಗುವಿಗೆ ಸಿಗಬೇಕಾದ ನೆರವು ಸಿಗುವುದಿಲ್ಲ. ಅದು ಕ್ಷಮಿಸುವ ಮಾತಲ್ಲ, ಮೋಸ ಹೋದದ್ದು ಕಪ್ಪು ಮಕ್ಕಳೇ. ಆದರೆ 2015ರಲ್ಲಿ ಹನ್ನೊಂದು ಜನರನ್ನು ಮಾಫಿಯಾ ಗುಂಪುಗಳಿಗೆಂದು ಮಾಡಿದ ಕಾನೂನಿನಡಿ ತಪ್ಪಿತಸ್ಥರೆಂದು ತೀರ್ಮಾನಿಸಿ, ಅದೇ ದಿನ ಅವರಲ್ಲಿ ಹೆಚ್ಚಿನವರನ್ನು ಕೈಕೋಳ ಹಾಕಿ ಕರೆದೊಯ್ದದ್ದನ್ನು ಟಿವಿಯಲ್ಲಿ ನೋಡಿ ನನಗೆ ಅನ್ನ ಇಳಿಯಲಿಲ್ಲ. ಅಂಕ ಏರದಿದ್ದರೆ ಕೆಲಸವಿಲ್ಲ ಎಂದು ವರ್ಷಗಟ್ಟಲೆ ಅವರ ಕತ್ತಿನ ಮೇಲೆ ಕತ್ತಿ ತೂಗಿಸಿದವರೆಲ್ಲರೂ ಆ ಸಾಲಿನಲ್ಲಿರಲಿಲ್ಲ. ಆ ವಾರ ನಮ್ಮವರ ಮನೆಯೊಂದರ ಊಟದಲ್ಲಿ, “ನೋಡಿದಿರಾ, ಆ ಜನರ ಕೈಗೆ ಶಾಲೆ ಕೊಟ್ಟರೆ ಇದೇ ಗತಿ” ಎಂದರು. ಹೇಳಿದವರ ಮಕ್ಕಳೆಲ್ಲ ಓದುತ್ತಿದ್ದುದು ಆಲ್ಫರೆಟ್ಟಾ, ಜಾನ್ಸ್ ಕ್ರೀಕ್ ಕಡೆಯ ಹೊರವಲಯದ ಶಾಲೆಗಳಲ್ಲಿ. ನಮ್ಮವರು ಮನೆ ಕೊಳ್ಳುವಾಗ ಮೊದಲು ನೋಡುವುದೇ ಶಾಲೆಯ ರೇಟಿಂಗ್, ನಗರದ ಶಾಲೆಯ ಮೆಟ್ಟಿಲು ಹತ್ತಿದವರು ನಮ್ಮಲ್ಲಿ ಬೆರಳೆಣಿಕೆ. 1965ರ ವಲಸೆ ಕಾನೂನು ಬಂದದ್ದು ಕಪ್ಪು ಜನರ ಹೋರಾಟ ಆ ದೇಶವನ್ನು ಅಲುಗಾಡಿಸಿದ ಹೊತ್ತಿನಲ್ಲಿ, ಆ ಬಾಗಿಲಿನಿಂದಲೇ ನಾವು ಒಳಗೆ ಬಂದದ್ದು. ಅದನ್ನು ಅಲ್ಲಿ ಹೇಳಿದೆ. ಊಟದ ಮನೆ ಗಪ್ಪಾಯಿತು.

ಏನೋ ಹೇಳಲು ಹೋಗಿ ಎಲ್ಲೆಲ್ಲಿಗೋ ಹೋದೆ. ನೀನು ಕೇಳಿದ್ದು ಒಪ್ಪಲೇ ಬಿಡಲೇ ಎಂದು. ಇಷ್ಟು ದೂರದಲ್ಲಿ ಕುಳಿತು ಹೂಂ ಅಥವಾ ಊಹೂಂ ಎನ್ನುವ ಅಧಿಕಾರ ನನಗಿದೆಯೆಂದು ನಾನು ಭಾವಿಸುವುದಿಲ್ಲ. ತೋಚಿದ್ದನ್ನು ಬರೆಯುತ್ತೇನೆ, ಬೇಡವಾದರೆ ಬಿಡು.

ಉತ್ತರ ಕೊಡುವ ಮೊದಲು ಆ ಇಂಗ್ಲಿಷ್ ಟೀಚರನ್ನು ಹೋಗಿ ಕಾಣು. ಶಾಲೆಯಲ್ಲಿ ಬೇಡ, ಅವರಿಗೆ ಅನುಕೂಲವಾದ ಕಡೆ. ಅವರಿಂದ ಕ್ಷಮೆ ಪಡೆಯಲು ಹೋಗಬೇಡ, ಅವರ ಮುಂದೆ ಅಳಲೂ ಬೇಡ, ನಿನ್ನನ್ನು ಸಮಾಧಾನ ಮಾಡುವ ಕೆಲಸವನ್ನೂ ಅವರ ತಲೆಗೆ ಕಟ್ಟಬಾರದು. ನಿಮಗೆ ಬರಬೇಕಾಗಿದ್ದದ್ದು ಎಂದು ನನಗೆ ಅನಿಸುತ್ತಿದೆ, ನಿಮಗೆ ಏನನಿಸುತ್ತದೆ ಎಂದು ಕೇಳಿ ಸುಮ್ಮನೆ ಕೂರು. ಅವರು ಸಿಟ್ಟಾಗಬಹುದು. ನಕ್ಕು, ಆ ತಲೆನೋವು ನನಗೇಕೆ ಎನ್ನಲೂಬಹುದು. ಎರಡನ್ನೂ ನಂಬು.

ಆಯ್ಕೆ ಮಾಡಿದವರನ್ನೂ ಕೇಳು, ಇಮೇಲಿನಲ್ಲಿಯೇ ಕೇಳು: ಯಾರನ್ನೆಲ್ಲ ಸಂದರ್ಶನಕ್ಕೆ ಕರೆದಿರಿ, ಯಾವ ಕಾರಣಕ್ಕೆ ಅವರನ್ನು ಬಿಟ್ಟಿರಿ ಎಂದು. ಎಲ್ಲವನ್ನೂ ಅವರು ಹೇಳಲಾರರು, ಆದರೂ ಕೇಳಿದ್ದು ಬರಹದಲ್ಲಿ ಉಳಿಯಲಿ. ಈ ಭಯವನ್ನು ನೀನೊಬ್ಬಳೇ ರಾತ್ರಿ ಹೊತ್ತು ನುಂಗಿಕೊಂಡರೆ ಯಾರಿಗೂ ಉಪಕಾರವಿಲ್ಲ. ಅದನ್ನು ಹೊರಬೇಕಾದವರು ಆಯ್ಕೆ ಮಾಡಿದವರು.

ಬೇಡ ಎನ್ನುವುದಾದರೆ ಕಾರಣ ಹೇಳಿ ಬೇಡ ಎನ್ನು. ಮನೆಯ ತೊಂದರೆ, ಮಕ್ಕಳು ಚಿಕ್ಕವರು ಎಂದು ನೆಪ ಹೇಳಿದರೆ ಅವರು ನಾಳೆಯೇ ಹೊರಗಿನ ಇನ್ನೊಬ್ಬರನ್ನು ತಂದು ಕೂರಿಸುತ್ತಾರೆ. ನಿನ್ನ ಮನಸ್ಸಿಗೆ ಹಗುರವಾಗುತ್ತದೆ, ಆಕೆಗೆ ಏನೂ ಸಿಗುವುದಿಲ್ಲ.

ಒಪ್ಪುವುದಾದರೆ, ನಾನು ಕಣ್ಣಾರೆ ಕಂಡ ಒಂದೆರಡು ಸಂಗತಿ. ತಂಟೆ ಮಾಡುವ ಮಕ್ಕಳನ್ನೆಲ್ಲ ಕಪ್ಪು ಶಿಕ್ಷಕರ ತರಗತಿಗೆ ದೂಡುವ ಚಾಳಿ ಎಲ್ಲ ಶಾಲೆಯಲ್ಲೂ ಇದೆ, ಅವರಿಗೆ ಪೊಲೀಸ್ ಕೆಲಸ, ಇತರರಿಗೆ ಜಾಣ ಮಕ್ಕಳ ತರಗತಿ. ವೇಳಾಪಟ್ಟಿ ನಿನ್ನ ಕೈಗೆ ಬಂದರೆ ಮೊದಲು ಅದನ್ನು ನೋಡು. ಊಟದ ಮನೆಯಲ್ಲಿ, ಸಹಾಯಕರ ಕೆಲಸದಲ್ಲಿ ವರ್ಷಗಟ್ಟಲೆ ಇರುವ ಹೆಂಗಸರಲ್ಲಿ ಟೀಚರಾಗಬಲ್ಲವರು ಇರುತ್ತಾರೆ. ಪರೀಕ್ಷೆಯ ಶುಲ್ಕ, ಸಂಜೆ ಮಗು ನೋಡಿಕೊಳ್ಳುವವರು, ಇಂಥ ಸಣ್ಣ ಸಂಗತಿಗಳಿಗೆ ಅವರು ನಿಂತುಬಿಟ್ಟಿರುತ್ತಾರೆ. ಅದಕ್ಕೆ ಶಾಲೆಯಿಂದ ಹಣ ಹೊರಡಿಸಲು ಆಗುತ್ತದೆಯೋ ನೋಡು, ಆಗದಿದ್ದರೆ ನನಗೆ ಹೇಳು, ನನ್ನ ಪಿಂಚಣಿ ಇನ್ನೂ ಆ ಊರಿನಿಂದಲೇ ಬರುತ್ತಿದೆ. ಮತ್ತೆ ಮುಂದಿನ ಬಾರಿ ಜಾಗ ಖಾಲಿಯಾದಾಗ ಆ ಇಂಗ್ಲಿಷ್ ಟೀಚರಿನ ಹೆಸರನ್ನು ಮೊದಲು ಹೇಳುವವಳು ನೀನಾಗಿರು. ಇದೆಲ್ಲ ನಿನಗೆ ತಿಳಿಯದ್ದೇನಲ್ಲ, ಹಳೆಯ ಮೇಡಂ ಬಾಯಿ ಸುಮ್ಮನಿರುವುದಿಲ್ಲ.

ಭಯ ಹೋಗುವುದಿಲ್ಲ ಎಂದು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ. ಒಪ್ಪಿದರೂ ಇರುತ್ತದೆ, ಬಿಟ್ಟರೂ ಇರುತ್ತದೆ.

ಯಾವತ್ತಿನೊಳಗೆ ಉತ್ತರ ಕೊಡಬೇಕೆಂದು ನೀನು ಬರೆದಿಲ್ಲ. ತುಂಬ ಅವಸರ ಮಾಡಿದರೆ ಒಂದು ವಾರದ ಸಮಯ ಕೇಳು, ಕೊಟ್ಟೇ ಕೊಡುತ್ತಾರೆ. ನಿನ್ನ ಅಮ್ಮನಿಗೆ ನಾನೇ ತಿಳಿಸಿ ಹೇಳುತ್ತೇನೆ, ನೀನು ಅವಳ ಜೊತೆ ಫೋನಿನಲ್ಲಿ ಜಗಳಕ್ಕೆ ಇಳಿಯಬೇಡ. ಆ ಟೀಚರನ್ನು ಕಂಡು ಬಂದ ಮೇಲೆ ಅವರು ಏನೆಂದರು ಎಂಬುದನ್ನು ಒಂದಕ್ಷರ ಬಿಡದೆ ಬರೆ, ಇಲ್ಲವೇ ಎಷ್ಟು ಹೊತ್ತಾದರೂ ಸರಿ ಫೋನು ಮಾಡು. ನಿನಗೆ ರಾತ್ರಿ ಹತ್ತಾದಾಗ ನನಗೆ ಬೆಳಿಗ್ಗೆ, ಎದ್ದೇ ಇರುತ್ತೇನೆ.

ಮಕ್ಕಳಿಗೂ ಅಳಿಯಂದಿರಿಗೂ ಆಶೀರ್ವಾದಗಳು.

ಇಂತಿ
ನಿನ್ನ ದೊಡ್ಡಮ್ಮ